ತಗಡಿನ ಡಬ್ಬಿಯಿಂದ ತಟ್ಟೆಕುಂಡಕ್ಕೆ: ನರ್ಸರಿ ಗಿಡ ಬೋನ್ಸಾಯ್ ಆದ ಕಥೆ



ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಉರುಳಿ ಕಾಂಚನದ ಆಸುಪಾಸಿನಲ್ಲಿ ಸಾಲುಸಾಲು ನರ್ಸರಿಗಳು ಕಾಣುತ್ತವೆ. ಹೈದರಾಬಾದಿನವರಿಗೆ, ಚೆನ್ನೈಯವರಿಗೆ ರಾಜಮಂಡ್ರಿ ಹತ್ತಿರದ ಕಡಿಯಂ ಊರಿನ ಗಿಡಗಳು ಪರಿಚಿತ. ಅಲ್ಲಿ ಕರಿ ಪ್ಲಾಸ್ಟಿಕ್ ಚೀಲದಲ್ಲಿ ನಿಂತಿರುವ ಫೈಕಸ್ ಗಿಡವೊಂದನ್ನು ಎತ್ತಿಕೊಂಡು "ಇದನ್ನು ಬೋನ್ಸಾಯ್ ಮಾಡಬಹುದೇ?" ಎಂದು ಕೇಳಿ ನೋಡಿ. ನರ್ಸರಿಯವನು ಧಾರಾಳವಾಗಿ ಮಾಡಬಹುದು ಅನ್ನುತ್ತಾನೆ. ಮಾರುವವನು ಇನ್ನೇನು ಅಂದಾನು! ಆದರೆ ಅವನು ಹೇಳುವುದು ನಿಜವೂ ಹೌದು. ಬೇಲಿಗೆಂದೋ ತೋಟಕ್ಕೆಂದೋ ಬೆಳೆಸಿದ ಅಗ್ಗದ ಗಿಡವನ್ನು ತಂದು, ಬೇರು ಬಿಡಿಸಿ, ಕುಂಡ ಬದಲಿಸಿ, ಹತ್ತಿಪ್ಪತ್ತು ವರ್ಷಗಳಲ್ಲಿ ಒಳ್ಳೆಯ ಕುಬ್ಜ ವೃಕ್ಷ ಮಾಡಿದವರು ನಮ್ಮ ನಗರಗಳಲ್ಲೇ ಇದ್ದಾರೆ.

ನೂರು ವರ್ಷಗಳ ಹಿಂದೆ ಈ ಮಾತನ್ನು ಜಪಾನಿನ ಬೋನ್ಸಾಯ್ ಪರಿಣತರ ಮುಂದೆ ಆಡಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಒಳ್ಳೆಯ ಮರವೆಂದರೆ ಬೆಟ್ಟದಿಂದ ಬರಬೇಕು, ಇಲ್ಲವೇ ಅಜ್ಜನಿಂದ ಬರಬೇಕು ಎಂಬ ಕಾಲ ಅದು. ಹಾಗಾದರೆ ನರ್ಸರಿಯ ಸಾಧಾರಣ ಗಿಡಕ್ಕೆ ಈ ಮರ್ಯಾದೆ ಬಂದದ್ದು ಎಲ್ಲಿ, ಹೇಗೆ? ಉತ್ತರಕ್ಕಾಗಿ ಜಪಾನನ್ನು ದಾಟಿ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಬೇಕಾಗುತ್ತದೆ. ಆ ಕಥೆಯಲ್ಲಿ ಒಂದು ಕೀಟಭಯದ ಕಾನೂನು ಇದೆ, ಮುಳ್ಳುತಂತಿಯ ಶಿಬಿರಗಳಿವೆ, ಖಾಲಿ ತಗಡಿನ ಡಬ್ಬಿಗಳಿವೆ.

ಮೊದಲು ಜಪಾನಿನ ಹಿನ್ನೆಲೆಯನ್ನು ಚುಟುಕಾಗಿ ನೋಡೋಣ. ಬೋನ್ ಎಂದರೆ ತಟ್ಟೆಯಂಥ ಪಾತ್ರೆ, ಸಾಯ್ ಎಂದರೆ ನೆಟ್ಟದ್ದು. ಮಾತೂ ವಿದ್ಯೆಯೂ ಚೀನಾದಿಂದ ಬಂದವು. ಚೀನಾದ ತಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್‌ನ ಗೋರಿ ಸುಮಾರು ಕ್ರಿ.ಶ. 706ರದ್ದು. ಅದರ ಗೋಡೆಯ ಚಿತ್ರದಲ್ಲಿ ಪುಟ್ಟ ಗಿಡಕಲ್ಲುಗಳಿರುವ ತಟ್ಟೆ ಹಿಡಿದ ಪರಿಚಾರಕರು ಕಾಣಿಸುತ್ತಾರೆ. ಜಪಾನಿನಲ್ಲಿ 1309ರ ಸುಮಾರಿನ ಕಾಸುಗಾ ಚಿತ್ರಸುರುಳಿಯಲ್ಲಿ ತಟ್ಟೆಮರಗಳ ಚಿತ್ರವಿದೆ. ಬೆಟ್ಟದ ಬಂಡೆಯ ಸೀಳಿನಲ್ಲಿ ಗಾಳಿ ಹಿಮ ತಿಂದು ನೂರಾರು ವರ್ಷ ಕುಳ್ಳಗೇ ಉಳಿದ ಮರವನ್ನು ಜೋಪಾನವಾಗಿ ಕಿತ್ತು ತರುವುದಕ್ಕೆ ಅವರಲ್ಲಿ ಯಮಾದೋರಿ ಎಂಬ ಹೆಸರೇ ಇದೆ. ಬೀಜದಿಂದ, ಕಸಿಯಿಂದ ಬೆಳೆಸುವವರೂ ಇದ್ದರು. ಆದರೆ ಅವರು ಮೊದಲ ದಿನದಿಂದಲೇ ಬೋನ್ಸಾಯ್‌ಗೆಂದೇ ಬೆಳೆಸುತ್ತಿದ್ದರು. ತೋಟದ ಬೇಲಿಗೆ ಬೆಳೆದ ಗಿಡವನ್ನು ತಟ್ಟೆಗೆ ಇಳಿಸುವುದು ಬೇರೆಯೇ ಮಾತು.

1860ರಲ್ಲಿ ಈಗಿನ ಟೋಕಿಯೊಗೆ ಹೋಗಿದ್ದ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್, ಊರ ಹೊರಗಿನ ಸೊಮೇಯ್ ಎಂಬಲ್ಲಿಯ ನರ್ಸರಿಗಳನ್ನು ನೋಡಿ ಬೆರಗಾದ. ಇಡೀ ಊರೇ ಗಿಡ ಬೆಳೆಸಿ ಮಾರುತ್ತಿತ್ತು. ಈ ಫಾರ್ಚೂನ್ ಯಾರೆಂದು ಬಲ್ಲಿರಾ? ಚೀನಾದಿಂದ ಚಹಾ ಗಿಡಗಳನ್ನೂ ಅದರ ಕಸುಬನ್ನೂ ಗುಟ್ಟಾಗಿ ಭಾರತಕ್ಕೆ ಸಾಗಿಸಿದವನು ಇವನೇ. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ಟೋಕಿಯೊ ಸುಟ್ಟುಹೋದಾಗ, ಅಲ್ಲಿನ ಬೋನ್ಸಾಯ್ ಕುಟುಂಬಗಳು ಒಳ್ಳೆಯ ಮಣ್ಣು, ಶುದ್ಧ ನೀರು ಹುಡುಕಿಕೊಂಡು ಉತ್ತರದ ಓಮಿಯಾಗೆ ಗುಳೆ ಹೋದವು. 1925ರಿಂದ ಬೆಳೆದ ಆ ಹಳ್ಳಿಯಲ್ಲಿ ನೆಲೆಸಬೇಕಾದರೆ ಕಟ್ಟಳೆಗಳಿದ್ದವು: ಮನೆಯಲ್ಲಿ ಕನಿಷ್ಠ 10 ಬೋನ್ಸಾಯ್ ಇರಬೇಕು, ತೋಟ ಎಲ್ಲರಿಗೂ ತೆರೆದಿರಬೇಕು, ಎರಡನೇ ಅಂತಸ್ತು ಕಟ್ಟಬಾರದು, ಬೇಲಿ ಹಸಿರು ಗಿಡದ್ದೇ ಆಗಿರಬೇಕು. ಹೌಸಿಂಗ್ ಸೊಸೈಟಿಯ ಕಟ್ಟಳೆಗಳಿಂದ ಬೇಸತ್ತ ಮುಂಬೈ ಕೇಳುಗರಿಗೆ ಇಂಥ ಸೊಸೈಟಿ ಆಗಬಹುದು ಅನ್ನಿಸೀತು!

ಇನ್ನು ಅಮೆರಿಕಕ್ಕೆ ಬರೋಣ. ಯೊಕೊಹಾಮಾ ನರ್ಸರಿ ಕಂಪನಿ ಎಂಬ ಸಂಸ್ಥೆ 1890ರಿಂದಲೇ ಗಿಡಮರಗಳನ್ನು ಹಡಗಿಗೆ ಹಾಕಿ ಅಲ್ಲಿಗೆ ಕಳಿಸುತ್ತಿತ್ತು. ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಲಾರ್ಜ್ ಆಂಡರ್ಸನ್ 1913ರಲ್ಲಿ ಕೊಂಡೊಯ್ದ ಮರಗಳಲ್ಲಿ ಕೆಲವು ಬಾಸ್ಟನ್ನಿನ ಆರ್ನಾಲ್ಡ್ ಅರ್ಬೊರೇಟಂನಲ್ಲಿ ಈಗಲೂ ಇವೆ. ಆದರೆ ಹಾಗೆ ಹೋದ ಮರಗಳಲ್ಲಿ ಬಹುಪಾಲು ಬದುಕಲಿಲ್ಲ. ಕೊಂಡವರಿಗೆ ಅವು ದುಬಾರಿ ಅಲಂಕಾರದ ಸಾಮಾನು. ಎರಡು ಮೂರು ವರ್ಷಕ್ಕೊಮ್ಮೆ ಮರವನ್ನು ಕುಂಡದಿಂದ ಎತ್ತಿ, ಬೇರು ಕತ್ತರಿಸಿ, ಹೊಸ ಮಣ್ಣಿಗೆ ಇಡಬೇಕೆಂದು ಹೇಳುವವರು ಯಾರು?

ಅಷ್ಟರಲ್ಲಿ ಇನ್ನೊಂದು ಘಟನೆ ನಡೆದಿತ್ತು. 1910ರ ಜನವರಿಯಲ್ಲಿ ಟೋಕಿಯೊ ನಗರ ಸ್ನೇಹದ ಕಾಣಿಕೆಯಾಗಿ ಕಳಿಸಿದ 2,000 ಚೆರ್ರಿ ಮರಗಳು ವಾಷಿಂಗ್ಟನ್ ತಲುಪಿದವು. ಬಿಚ್ಚಿ ನೋಡಿದರೆ ಬೇರಿನ ತುಂಬ ಹುಳು, ರೋಗ! ಅಧ್ಯಕ್ಷ ಟಾಫ್ಟ್ ಒಪ್ಪಿಗೆ ಪಡೆದು ಅಷ್ಟನ್ನೂ ರಾಶಿ ಹಾಕಿ ಸುಟ್ಟರು. ಜಪಾನ್ ಬೇಸರಿಸಿಕೊಳ್ಳದೆ 1912ರಲ್ಲಿ 3,020 ಆರೋಗ್ಯವಂತ ಮರಗಳನ್ನು ಮತ್ತೆ ಕಳಿಸಿತು. ವಾಷಿಂಗ್ಟನ್ನಿನ ಪ್ರಸಿದ್ಧ ಚೆರ್ರಿ ಹಬ್ಬದ ಮೂಲ ಅದೇ. ಆದರೆ ಕೀಟಶಾಸ್ತ್ರಜ್ಞ ಚಾರ್ಲ್ಸ್ ಮಾರ್ಲಟ್ ಮತ್ತು ಅವರ ಸಂಗಡಿಗರು ಹುಳುವನ್ನು ಮರೆಯಲಿಲ್ಲ. 1912ರಲ್ಲೇ ಸಸ್ಯ ದಿಗ್ಬಂಧನ ಕಾಯ್ದೆ ಬಂತು. 1919ರ ಜೂನ್ 1ರಿಂದ ಅದರ 37ನೇ ನಿಯಮ ಜಾರಿಯಾಗಿ ಮಣ್ಣು ಸಮೇತ ಗಿಡ ತರುವುದಕ್ಕೆ ಬಾಗಿಲು ಮುಚ್ಚಿತು.

ಸೇಬಿಗೆ, ಗುಲಾಬಿಗೆ ಮಣ್ಣು ತೊಳೆದು ಬರಿ ಬೇರಿನಲ್ಲಿ ಬಂದರೂ ಹೇಗೋ ನಡೆದೀತು. ನೂರು ವರ್ಷದ ಪೈನ್ ಮರದ ಕಥೆ ಹಾಗಲ್ಲ. ಅದರ ಬೇರಿಗೆ ಅಂಟಿಕೊಂಡು ಒಂದು ಬಗೆಯ ಬಿಳಿ ಶಿಲೀಂಧ್ರ ಬದುಕುತ್ತದೆ. ಮಣ್ಣಿನ ನೀರನ್ನೂ ಸತ್ವವನ್ನೂ ಹೀರಿ ಬೇರಿಗೆ ಒದಗಿಸುವುದರಲ್ಲಿ ಅದರ ಪಾಲು ದೊಡ್ಡದು. ಮಣ್ಣನ್ನೆಲ್ಲ ತೊಳೆದು ಹಾಕಿದರೆ ಅದೂ ಹೋಯಿತು, ಕೂದಲಿನಂಥ ಹೀರುಬೇರುಗಳೂ ಹೋದವು. ಮೇಲೆ ವಿಷದ ಹೊಗೆ ಬೇರೆ. ಹೀಗಾಗಿ ಜಪಾನಿನಿಂದ ಸಿದ್ಧ ಬೋನ್ಸಾಯ್ ತರಿಸುವುದು ಹೆಚ್ಚುಕಡಿಮೆ ನಿಂತಂತೆಯೇ ಆಯಿತು. ಅಮೆರಿಕದಲ್ಲಿ ಯಾರಿಗಾದರೂ ಬೋನ್ಸಾಯ್ ಬೇಕೆಂದರೆ ಅಲ್ಲೇ ಸಿಗುವ ಗಿಡದಿಂದಲೇ ಶುರುಮಾಡಬೇಕು. ನಮ್ಮ ಕಥೆ ನಿಜಕ್ಕೂ ತಿರುಗುವುದು ಇಲ್ಲೇ ಅಂತ ನನ್ನ ಎಣಿಕೆ.

ಶುರುಮಾಡುವ ವಿದ್ಯೆ ಬಲ್ಲವರು ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಮಂದಿ ಇದ್ದರು. ಜಪಾನಿನಿಂದ ವಲಸೆ ಬಂದು ಹೊಲ, ಹೂದೋಟ, ನರ್ಸರಿ ಮಾಡಿಕೊಂಡವರು. ಅವರ ಬದುಕೇನೂ ಸುಲಭದ್ದಾಗಿರಲಿಲ್ಲ. ಹುಟ್ಟು ಜಪಾನಿಯರಿಗೆ ಅಮೆರಿಕದ ಪೌರತ್ವ ಸಿಗುತ್ತಿರಲಿಲ್ಲ. 1913ರ ಕ್ಯಾಲಿಫೋರ್ನಿಯಾ ಭೂಕಾನೂನು ಅಂಥವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದಿತು. ಅಲ್ಲೇ ಹುಟ್ಟಿದ ಮಕ್ಕಳು ಮಾತ್ರ ಪೌರರು.

ಇಂಥವರಲ್ಲಿ ಓಕ್‌ಲೆಂಡಿನ ದೊಮೊಟೊ ಮನೆತನ ಹೆಸರುವಾಸಿ. ಕಾನೆತಾರೋ ದೊಮೊಟೊ ಮತ್ತು ಸೋದರರು ಕ್ಯಾಮೀಲಿಯಾ, ಅಜೇಲಿಯಾ ಮುಂತಾದ ಜಪಾನಿ ಗಿಡಗಳನ್ನು ತರಿಸಿ ಕ್ಯಾಲಿಫೋರ್ನಿಯಾದ ತೋಟಗಳಿಗೆ ಪರಿಚಯಿಸಿದವರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ಅದಕ್ಕೆಂದು ಜಪಾನಿನಿಂದ ಬಂದಿದ್ದ ಮರಗಳಲ್ಲಿ ಒಂದು ಟ್ರೈಡೆಂಟ್ ಮೇಪಲ್. ಎಲೆಗೆ ತ್ರಿಶೂಲದಂತೆ ಮೂರು ಮೊನೆ ಇರುವುದರಿಂದ ಆ ಹೆಸರು. 37ನೇ ನಿಯಮಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಆ ಮರ ದೊಮೊಟೊ ಅವರ ಕೈಸೇರಿತು. ಮುಂದೆ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಮನೆತನದ ನರ್ಸರಿ ಮುಳುಗಿದರೂ ಮಗ ತೊಇಚಿ ದೊಮೊಟೊ ಆ ಮೇಪಲ್ ಬಿಟ್ಟುಕೊಡಲಿಲ್ಲ. ಹೇವರ್ಡ್ ಎಂಬಲ್ಲಿ ತಾನೇ ಕಟ್ಟಿಕೊಂಡಿದ್ದ ನರ್ಸರಿಯಲ್ಲಿ ಮರದ ಪೆಟ್ಟಿಗೆಯಲ್ಲಿಟ್ಟು ಸಾಕಿದರು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆಜ್ಞೆಗೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಾರುಗಳಿಂದ ಎಬ್ಬಿಸಿ ಒಳನಾಡಿನ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪೌರರು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ಒಯ್ಯಬಹುದು ಎಂಬುದು ಅಪ್ಪಣೆ. ಅಂಗಡಿಯವನು ಸಿಕ್ಕ ಬೆಲೆಗೆ ಸರಕು ಮಾರಿಯಾನು. ನರ್ಸರಿಯವನು ಏನು ಮಾಡಬೇಕು ಹೇಳಿ? ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ಒಂದೆರಡು ದಿನ ನೀರು ತಪ್ಪಿದರೆ ಮುಗಿಯಿತು. ಕುಂಡಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಸಾಕಿದ ಮರಗಳನ್ನು ಕೆಲವರು ನೆರೆಹೊರೆಯವರಿಗೆ ಒಪ್ಪಿಸಿದರು, ಕೆಲವರು ನೆಲದಲ್ಲಿ ನೆಟ್ಟು ಹೋದರು, ಎಷ್ಟೋ ಮರಗಳು ಹೇಳಹೆಸರಿಲ್ಲದೆ ಒಣಗಿದವು.

ತೊಇಚಿ ದೊಮೊಟೊ ಕೊಲರಾಡೊದ ಅಮಾಚಿ ಶಿಬಿರಕ್ಕೆ ಹೋದರು. ಮೇಪಲ್ ಹೇವರ್ಡ್‌ನಲ್ಲೇ ಉಳಿಯಿತು. ಆಗ ಆ ಮರ ಮಾಡಿದ ಕೆಲಸ ನೋಡಿ: ಪೆಟ್ಟಿಗೆಯ ತಳ ತೂರಿಕೊಂಡು ಬೇರನ್ನು ನೆಲಕ್ಕೆ ಇಳಿಸಿತು. ನೀರು ಹಾಕುವವರನ್ನು ಕಾಯದೆ ನೆಲದ ನೀರು ಹುಡುಕಿಕೊಂಡಿತು. ಯಜಮಾನ ಹಿಂತಿರುಗಿ ಬಂದಾಗ ಮರ ಬದುಕಿತ್ತು. ಬೋನ್ಸಾಯ್ ಶಾಸ್ತ್ರದ ಪ್ರಕಾರ ಬೇರು ಹೀಗೆ ಕುಂಡ ದಾಟಿ ಹೋಗುವುದು ದೋಷ. ಕಾಂಡ ದಪ್ಪವಾಗುತ್ತದೆ, ಅಳತೆ ಕೆಡುತ್ತದೆ. ಇಲ್ಲಿ ಅದೇ ದೋಷ ಪ್ರಾಣ ಉಳಿಸಿತು. ಇಂದು ಆ ಮೇಪಲ್ ವಾಷಿಂಗ್ಟನ್ ರಾಜ್ಯದ ಫೆಡರಲ್ ವೇ ಊರಿನ ಪೆಸಿಫಿಕ್ ಬೋನ್ಸಾಯ್ ಮ್ಯೂಸಿಯಂನಲ್ಲಿದೆ. ಅದರ ಎತ್ತರ ದಪ್ಪ ನೋಡಿದರೆ ಇದು ಕುಬ್ಜವೇ ಎಂಬ ಅನುಮಾನ ಬರುತ್ತದೆ!

ಶಿಬಿರಗಳೊಳಗೆ ಏನಾಯಿತು? ಅಮಾಚಿ ಎಂದರೆ ಮರಳು ಹಾರುವ ಬಟಾಬಯಲು. ಅಲ್ಲಿ ಸೇರಿದ ನರ್ಸರಿಯವರೂ ತೋಟಗಾರರೂ ಬ್ಯಾರಕ್ಕುಗಳ ಮುಂದೆ ತೋಟ ಮಾಡಿದರು, ಎಲ್ಮ್ ಮರ ನೆಟ್ಟರು. 2008ರಿಂದ ಡೆನ್ವರ್ ವಿಶ್ವವಿದ್ಯಾಲಯದ ಪುರಾತತ್ವಜ್ಞರು ಆ ತೋಟಗಳನ್ನು ಅಗೆದು ನೋಡುತ್ತಿದ್ದಾರೆ. ಮಣ್ಣಿನಲ್ಲಿ ಪುಡಿಮಾಡಿ ಬೆರೆಸಿದ ಮೊಟ್ಟೆಯ ಚಿಪ್ಪು ಸಿಕ್ಕಿದೆ. ಅಡುಗೆಮನೆಯ ಕಸವನ್ನೇ ಗೊಬ್ಬರ ಮಾಡಿ ಮರಳನ್ನು ಮಣ್ಣಾಗಿಸಲು ನೋಡಿದ್ದರು. ಬಿಡುಗಡೆ ಎಂದೋ ಗೊತ್ತಿಲ್ಲದವರು ಮರ ನೆಡುತ್ತಾರೆಂದರೆ ಏನನ್ನಬೇಕು? ಆ ಜಾಗವನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವಾಗಿಸುವ ಕಾನೂನು 2022ರಲ್ಲಿ ಬಂತು.

ಜೂಜಾಬುರೊ ಫುರುಜಾವಾ ಎಂಬವರು ಹೀಗೆಯೇ ಶಿಬಿರದಲ್ಲಿದ್ದಾಗ ಜಪಾನಿ ಕರಿ ಪೈನ್ ಮರದ ಬೀಜವೊಂದನ್ನು ಖಾಲಿ ತಗಡಿನ ಡಬ್ಬಿಯಲ್ಲಿ ಹಾಕಿ ಮೊಳೆಸಿದರು. ಅದೂ ಬದುಕಿತು, ಬೋನ್ಸಾಯ್ ಆಯಿತು. ಹಳೆಯ ಮುಂಬೈಯ ಚಾಳುಗಳಲ್ಲಿ ಡಾಲ್ಡಾ ಡಬ್ಬಿಯಲ್ಲಿ ತುಳಸಿ ಬೆಳೆಸಿದವರಿಗೆ ಈ ಡಬ್ಬಿಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿಯಿತು, ಶಿಬಿರಗಳು ಮುಚ್ಚಿದವು. ಹೊಲ, ನರ್ಸರಿ, ಗುತ್ತಿಗೆ ಎಲ್ಲ ಕಳೆದುಕೊಂಡು ಲಾಸ್ ಏಂಜಲೀಸ್‌ಗೆ ಮರಳಿದವರಲ್ಲಿ ಅನೇಕರು ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಹಿಡಿದು ಇನ್ನೊಬ್ಬರ ಮನೆಯಂಗಳದ ತೋಟಗಾರರಾದರು. ಅದೇ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆಗಳು ಅಣಬೆಯಂತೆ ಏಳುತ್ತಿದ್ದವು. ಎಲ್ಲ ಅಂಗಳಕ್ಕೂ ಗಿಡ ಬೇಕು. ನರ್ಸರಿಗಳು ಹೋಟೆಲು, ಬೇಕರಿಗಳ ಖಾಲಿ ತಗಡಿನ ಡಬ್ಬಿಗಳನ್ನು ಸಂಗ್ರಹಿಸಿ, ತಳಕ್ಕೆ ತೂತು ಹೊಡೆದು, ಜ್ಯೂನಿಪರ್‌ನಂಥ ಗಿಡಗಳನ್ನು ಸಾವಿರಗಟ್ಟಲೆ ಬೆಳೆಸಿದವು. ಡಬ್ಬಿ ಹೋಗಿ ಪ್ಲಾಸ್ಟಿಕ್ ಬಂದು ಎಷ್ಟೋ ಕಾಲವಾದರೂ ಅಲ್ಲಿನ ನರ್ಸರಿಗಳಲ್ಲಿ ಒಂದು ಗ್ಯಾಲನ್ ಡಬ್ಬಿ, ಐದು ಗ್ಯಾಲನ್ ಡಬ್ಬಿ ಎಂಬ ಮಾತು ಮಾತ್ರ ಉಳಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1957ರಲ್ಲಿ ಹೊರತಂದ ಕೈಪಿಡಿಯೊಂದು ನಯವಾದ ಮರಳಿಗೆ ಪೀಟ್ ಬೆರೆಸಿ, ಹಬೆಯಲ್ಲಿ ಶುದ್ಧಗೊಳಿಸಿ ಕುಂಡದ ಮಣ್ಣು ಮಾಡುವ ಕ್ರಮವನ್ನು ಪ್ರಚಾರಕ್ಕೆ ತಂದಿತು. ನಮ್ಮ ನರ್ಸರಿಗಳ ಕೋಕೋಪೀಟ್ ಮಿಶ್ರಣ ಇದರದೇ ದೂರದ ದಾಯಾದಿ.

ಈ ಡಬ್ಬಿಗಿಡಗಳನ್ನು ಬೇರೆ ಕಣ್ಣಿನಿಂದ ನೋಡಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಜಾನ್ ನಾಕಾ. 1914ರಲ್ಲಿ ಕೊಲರಾಡೊದಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೆ ಜಪಾನಿಗೆ ಹೋಗಿ, ಅಜ್ಜನ ಬಳಿ ಬೋನ್ಸಾಯ್ ಪಾಠ ಕಲಿತು, 1935ರಲ್ಲಿ ಅಮೆರಿಕಕ್ಕೆ ಮರಳಿದವರು. ಯುದ್ಧಕಾಲದಲ್ಲಿ ಒಳನಾಡಿನ ಕೊಲರಾಡೊದಲ್ಲಿದ್ದು 1946ರಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. 1950ರಲ್ಲಿ ಗೆಳೆಯರೊಂದಿಗೆ ಒಂದು ಬೋನ್ಸಾಯ್ ಸಂಘ ಕಟ್ಟಿದರು. ಹಳೆಯ ಮರಗಳು ಹೋಗಿದ್ದವು, ಜಪಾನಿನಿಂದ ಹೊಸದು ಬರುವಂತಿರಲಿಲ್ಲ. ಮೊಜಾವೆ ಮರುಭೂಮಿಗೆ ಹೋಗಿ ಜ್ಯೂನಿಪರ್ ಕಿತ್ತು ತಂದರು ನಿಜ. ಆದರೆ ಹೊಸದಾಗಿ ಕಲಿಯಲು ಬಂದವರೆಲ್ಲ ಮರುಭೂಮಿಗೆ ಹೋಗಲಾದೀತೇ? ಶಿಷ್ಯರು ಪಕ್ಕದ ನರ್ಸರಿಯಿಂದ ಡಬ್ಬಿಗಿಡ ತರುತ್ತಿದ್ದರು. ಅದರಲ್ಲೇ ಮರವೊಂದು ಅಡಗಿದೆಯೆಂದು ತೋರಿಸುವುದು ಗುರುವಿನ ಕೆಲಸ. ಜಪಾನಿಯರು ಮಾತ್ರವಲ್ಲ, ಬಿಳಿಯ ಅಮೆರಿಕನ್ನರೂ ಬಂದರು. ಅವರನ್ನು ಶಿಬಿರಕ್ಕೆ ಕಳಿಸಿದ ದೇಶದ ಜನ ಅದಾಗಿ ಹತ್ತು ವರ್ಷದೊಳಗೆ ಅವರ ಮನೆಯಂಗಳದಲ್ಲಿ ಕೂತು ಬೇರು ಬಿಡಿಸುವುದನ್ನು ಕಲಿಯುತ್ತಿದ್ದರು. ಸರಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಮಾಡಿದ್ದು 1988ರಲ್ಲಿ.

ಬೇರು ಬಿಡಿಸುವುದು ಎಂದೆನಲ್ಲ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನರ್ಸರಿ ಗಿಡ ಬೋನ್ಸಾಯ್ ಆಗುವುದು ಕತ್ತರಿಯಿಂದಲೋ ತಂತಿಯಿಂದಲೋ ಎಂದು ನಾವು ತಿಳಿಯುತ್ತೇವೆ. ನಿಜವಾದ ತಿರುವು ಇರುವುದು ಮಣ್ಣಿನ ಕೆಳಗೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುತ್ತದೆ ನಮ್ಮ ಗಾದೆ. ಕೊಂಬೆಯ ವಿಷಯದಲ್ಲಿ ಬೋನ್ಸಾಯ್‌ನವರು ತಾಮ್ರದ ತಂತಿ ಸುತ್ತಿ ಆ ಗಾದೆಯನ್ನು ಸುಳ್ಳು ಮಾಡಿಯಾರು. ಬೇರಿನ ವಿಷಯದಲ್ಲಿ ಗಾದೆಯೇ ಸರಿ.

ಡಬ್ಬಿಯಲ್ಲಾಗಲಿ ಪ್ಲಾಸ್ಟಿಕ್ ಚೀಲದಲ್ಲಾಗಲಿ ಬೆಳೆದ ಗಿಡದ ಬೇರು ಗೋಡೆಗೆ ತಾಗಿ ತಿರುಗುತ್ತದೆ. ತಿರುಗಿ ತಿರುಗಿ ಸಿಂಬಿಯಂತೆ ಸುತ್ತಿಕೊಳ್ಳುತ್ತದೆ. ವರ್ಷ ಕಳೆದಂತೆ ಆ ಸುತ್ತು ದಪ್ಪವಾಗಿ ಕಾಂಡವನ್ನೇ ಬಿಗಿಯುವುದೂ ಉಂಟು. ಇನ್ನೊಂದು ತೊಂದರೆ: ನರ್ಸರಿಯಲ್ಲಿ ಗಿಡ ಅಲುಗಾಡಬಾರದೆಂದು ಆಳಕ್ಕೆ ನೆಟ್ಟಿರುತ್ತಾರೆ. ಕಾಂಡ ಅಗಲವಾಗಿ ಬೇರಿಗೆ ಹರಡುವ ಬುಡ ಎರಡು ಮೂರು ಅಂಗುಲ ಮಣ್ಣಿನೊಳಗಿರುತ್ತದೆ. ಬೋನ್ಸಾಯ್‌ಗೆ ವಯಸ್ಸಿನ ಕಳೆ ಕೊಡುವುದೇ ಆ ಬುಡ. ಆದ್ದರಿಂದ ಬಲ್ಲವರು ನರ್ಸರಿಗೆ ಹೋದರೆ ಎಲೆ ನೋಡುವುದಿಲ್ಲ, ಬೆರಳಿನಿಂದ ಮೇಲ್ಮಣ್ಣು ಕೆದಕಿ ಬುಡ ನೋಡುತ್ತಾರೆ. ನರ್ಸರಿಯವನು ಗೊಣಗಿದರೆ ಗೊಣಗಲಿ!

ಕುಂಡದಿಂದ ಗಿಡ ತೆಗೆದ ಮೇಲೆ ಕೊಕ್ಕೆಯಂಥ ಕಡ್ಡಿಯಿಂದ ಹೊರಗಿನಿಂದ ಒಳಕ್ಕೆ, ಮೇಲಿನಿಂದ ಕೆಳಕ್ಕೆ ಬೇರು ಬಾಚಬೇಕು, ಹೆಣ್ಣುಮಕ್ಕಳ ಸಿಕ್ಕುಗೂದಲು ಬಿಡಿಸುವಷ್ಟು ತಾಳ್ಮೆಯಿಂದ. ನಡುನಡುವೆ ನೀರು ಚಿಮುಕಿಸಬೇಕು, ಹೀರುಬೇರು ಒಣಗಿದರೆ ಮತ್ತೆ ಚಿಗುರುವುದಿಲ್ಲ. ಕೆಳಕ್ಕೆ ನುಗ್ಗುವ ತಾಯಿಬೇರನ್ನೂ ಸುತ್ತುಬೇರುಗಳನ್ನೂ ಕತ್ತರಿಸಬೇಕು. ಉದ್ದೇಶ ಗಿಡವನ್ನು ಉಪವಾಸ ಕೆಡಹುವುದಲ್ಲ. ದಪ್ಪ ಬೇರು ಹಿಡಿತಕ್ಕೆ ಮಾತ್ರ, ನೀರು ಕುಡಿಯುವುದು ತುದಿಯ ಎಳೆಬೇರು. ಕತ್ತರಿಸಿದ ಜಾಗದಲ್ಲಿ ಎಳೆಬೇರುಗಳ ಗೊಂಚಲು ಹುಟ್ಟಿ, ಕಾಂಡದ ಹತ್ತಿರವೇ ತುಂಬಿಕೊಂಡರೆ ಗಿಡ ಚಿಕ್ಕ ತಟ್ಟೆಯಲ್ಲೂ ಹೊಟ್ಟೆತುಂಬ ಉಣ್ಣುತ್ತದೆ. ಬೋನ್ಸಾಯ್ ಎಂದರೆ ಮರಕ್ಕೆ ಹಿಂಸೆ, ಮನೆಯಲ್ಲಿಡಬಾರದು ಎಂದು ವಾಸ್ತು ಹೇಳುವವರು ಒಮ್ಮೆ ಚೆನ್ನಾಗಿ ಸಾಕಿದ ಮರದ ಬೇರು ನೋಡಬೇಕು.

ಎಷ್ಟು ಕತ್ತರಿಸಬೇಕು ಎನ್ನುವುದರಲ್ಲೇ ಗಿಡದ ಸಾವುಬದುಕು. ಮೇಪಲ್‌ನಂಥ ಎಲೆ ಉದುರಿಸುವ ಮರ, ನಮ್ಮ ಆಲ ಅರಳಿ ಅತ್ತಿಗಳ ಜಾತಿ ಇವು ಗಟ್ಟಿಪಿಂಡ, ಸಾಕಷ್ಟು ತಡೆಯುತ್ತವೆ. ಪೈನ್, ಜ್ಯೂನಿಪರ್ ಹಾಗಲ್ಲ. ಒಂದೇ ಸಲಕ್ಕೆ ಹಳೆಮಣ್ಣನ್ನೆಲ್ಲ ತೊಳೆದರೆ ಕೆಲವು ತಿಂಗಳು ಹಸಿರಾಗಿಯೇ ಇದ್ದು ಆಮೇಲೆ ಸಾಯುತ್ತವೆ. ಈ ಸಲ ಅರ್ಧ ಭಾಗದ ಹಳೆಮಣ್ಣು ತೆಗೆ, ಎರಡು ವರ್ಷ ಬಿಟ್ಟು ಉಳಿದರ್ಧ ತೆಗೆ ಎಂಬುದು ಅನುಭವಿಗಳ ಕ್ರಮ. ಬೇರು ಕತ್ತರಿಸಿದ ವರ್ಷ ಕೊಂಬೆಯ ಮೇಲೆ ಭಾರಿ ಪ್ರಯೋಗ ಬೇಡ.

ಇನ್ನು ಮಣ್ಣು. ಇಲ್ಲೊಂದು ವಿಚಿತ್ರ ಭೌತಶಾಸ್ತ್ರವಿದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಲಾಗಿ ಹಿಡಿಯಿರಿ, ಒಂದಿಷ್ಟು ನೀರು ಇಳಿದು ನಿಲ್ಲುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತಷ್ಟು ನೀರು ಸುರಿಯುತ್ತದೆ. ಎತ್ತರದ ಡಬ್ಬಿಯಲ್ಲಿ ನೀರು ಬಸಿದುಹೋಗುವ ನಯವಾದ ಮಣ್ಣು, ಎರಡಂಗುಲದ ತಟ್ಟೆಯಲ್ಲಿ ಕೆಸರಾಗಿ ನಿಲ್ಲುವುದು ಇದೇ ಕಾರಣಕ್ಕೆ. ನರ್ಸರಿಯ ಮಣ್ಣಿನ ಸಮೇತ ತಟ್ಟೆಗೆ ಇಳಿಸಿದ ಗಿಡ ಕೊಳೆಯುವುದೂ ಅದಕ್ಕೇ. ಜಪಾನಿನಲ್ಲಿ ಅಕಾದಾಮಾ ಎಂಬ ಜ್ವಾಲಾಮುಖಿ ಮೂಲದ ಕಾಳುಮಣ್ಣನ್ನು ಜರಡಿ ಹಿಡಿದು ಬಳಸುತ್ತಾರೆ. ನಮ್ಮಲ್ಲಿ ಇಟ್ಟಿಗೆ ಚೂರು, ದಪ್ಪ ಮರಳು ಜರಡಿ ಹಿಡಿದು ದೂಳು ತೆಗೆದು ಬಳಸುವ ರೂಢಿಯಿದೆ. ಇದನ್ನೆಲ್ಲ ಮಾಡಿದ ಮೇಲೂ ಗಿಡವನ್ನು ನೇರ ಚೆಂದದ ತಟ್ಟೆಗೆ ಇಡುವಂತಿಲ್ಲ. ಮೊದಲು ಅಗಲವಾದ ಮರದ ಪೆಟ್ಟಿಗೆಯಲ್ಲೋ ಸಾದಾ ಕುಂಡದಲ್ಲೋ ಕೆಲವು ವರ್ಷ ಬೆಳೆಯಬೇಕು. ದೊಮೊಟೊ ಅವರ ಮೇಪಲ್ ಇದ್ದದ್ದೂ ಅಂಥ ಪೆಟ್ಟಿಗೆಯಲ್ಲೇ.

ನಾಕಾ ಅವರ ಅತಿ ಪ್ರಸಿದ್ಧ ಕೃತಿ ಹೀಗೆ ಪದರ ಪದರವಾಗಿ ಬೆಳೆದದ್ದು. ಫೊಯೆಮಿನಾ ಎಂಬ ಜ್ಯೂನಿಪರ್ ತಳಿಯ ಮೊದಲ ಗಿಡವನ್ನು ಅವರು ತಿದ್ದಲು ಆರಂಭಿಸಿದ್ದು 1948ರಲ್ಲಿ. ತೋಟಗಳಲ್ಲಿ ಬೆಳೆಸುವ ತಳಿ, ಅಂಥ ಘನತೆಯದ್ದೇನಲ್ಲ. 1964ರಲ್ಲಿ ಹಲವು ಗಿಡ ಸೇರಿಸಿ ಒಂದೇ ತಟ್ಟೆಯಲ್ಲಿ ಕಾಡು ಮಾಡಿದರು. ಮೊಮ್ಮಕ್ಕಳು ಹೆಚ್ಚಿದಂತೆ ಮರಗಳೂ ಹೆಚ್ಚಿ ಕೊನೆಗೆ ಮೊಮ್ಮಕ್ಕಳೂ ಹನ್ನೊಂದು, ಮರಗಳೂ ಹನ್ನೊಂದು. ಅದಕ್ಕೆ ಗೊಶಿನ್ ಎಂದು ಹೆಸರಿಟ್ಟರು, ಚೈತನ್ಯದ ಕಾವಲುಗಾರ ಎಂಬರ್ಥದಲ್ಲಿ. 1984ರಲ್ಲಿ ಅದನ್ನು ರಾಷ್ಟ್ರಕ್ಕೆ ಕೊಟ್ಟುಬಿಟ್ಟರು. ವಾಷಿಂಗ್ಟನ್ನಿನ ನ್ಯಾಷನಲ್ ಅರ್ಬೊರೇಟಂನಲ್ಲಿ ಅದು ಇಂದಿಗೂ ಹಸಿರಾಗಿದೆ. ನಾಕಾ ತೀರಿಕೊಂಡದ್ದು 2004ರಲ್ಲಿ.

ಅದೇ ಆವರಣದಲ್ಲಿ 1976ರಲ್ಲಿ ಜಪಾನ್ ಕಾಣಿಕೆ ಕೊಟ್ಟ ಮರಗಳಿವೆ. ಅವುಗಳಲ್ಲಿ 1625ರಿಂದ ಕುಂಡದಲ್ಲಿರುವ, ಯಾಮಾಕಿ ಮನೆತನದ ಬಿಳಿ ಪೈನ್ ಒಂದು. ಅದು ಹಿರೋಷಿಮಾದ ಅಣುಬಾಂಬಿಗೆ ಮೂರು ಕಿಲೋಮೀಟರಿನಷ್ಟು ಹತ್ತಿರದಲ್ಲಿದ್ದು ಗೋಡೆಯ ಮರೆಯಲ್ಲಿ ಬದುಕುಳಿದದ್ದೆಂದು 2001ರಲ್ಲಿ ಮೊಮ್ಮಕ್ಕಳು ಬಂದು ಹೇಳುವವರೆಗೂ ಅಲ್ಲಿಯವರಿಗೆ ತಿಳಿದಿರಲಿಲ್ಲ. ಪತ್ರಿಕೆಗಳು ಬರೆಯುವುದು ಆ ಮರದ ಬಗ್ಗೆಯೇ. ಬರೆಯಲಿ, ತಪ್ಪಿಲ್ಲ. ನನಗೆ ಮಾತ್ರ ಡಬ್ಬಿಯ ಪೈನ್ ಮರವೇ ಹೆಚ್ಚು ಹತ್ತಿರದ್ದು.

ಆ ಪೈನ್ 2020ರ ಫೆಬ್ರುವರಿಯಲ್ಲಿ ಕಳುವಾಯಿತು! ಪೆಸಿಫಿಕ್ ಬೋನ್ಸಾಯ್ ಮ್ಯೂಸಿಯಂಗೆ ನುಗ್ಗಿದ ಕಳ್ಳರು ಅದನ್ನೂ, ಕಿಯೊಕೊ ಹತನಾಕಾ ಎಂಬ ಮಹಿಳೆ 1946ರಲ್ಲಿ ಆರಂಭಿಸಿದ ಸಿಲ್ವರ್‌ಬೆರಿ ಮರವೊಂದನ್ನೂ ಹೊತ್ತೊಯ್ದರು. ಮ್ಯೂಸಿಯಂನವರು ಬೇಡಿಕೊಂಡ ಮಾತು ಹೀಗಿತ್ತು: ಇವು ದಿನದಿನವೂ ಆರೈಕೆ ಬೇಡುವ ಜೀವಗಳು, ಇಲ್ಲದಿದ್ದರೆ ಸಾಯುತ್ತವೆ. ಎರಡು ಮೂರು ದಿನಗಳಲ್ಲಿ ಎರಡೂ ಮರಗಳನ್ನು ಯಾರೋ ಮ್ಯೂಸಿಯಂ ದಾರಿಯಲ್ಲಿ ಇಟ್ಟು ಹೋಗಿದ್ದರು. ಆ ವರ್ಷ ಅಲ್ಲಿ ನಡೆಯಬೇಕಿದ್ದ ಪ್ರದರ್ಶನದ ವಿಷಯವೇ ಯುದ್ಧಕಾಲದ ಬೋನ್ಸಾಯ್.

ಊರಿಗೆ ಹೋದಾಗ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಅವಧೂತ ದತ್ತ ಪೀಠದ ಬೋನ್ಸಾಯ್ ತೋಟದಲ್ಲಿ ನಮ್ಮ ಆಲ ಅತ್ತಿಗಳು ತಟ್ಟೆಯಲ್ಲಿ ನಿಂತಿರುವುದನ್ನು ನೋಡಬಹುದು. ನೀವೇ ನರ್ಸರಿಯಿಂದ ಫೈಕಸ್ ತಂದು ಕೈಹಚ್ಚುವುದಾದರೆ ಮುಂಬೈ ಪುಣೆಯವರಿಗೆ ಜೂನ್ ತಿಂಗಳ ಮೊದಲ ಮಳೆಯ ಹೊತ್ತು ಒಳ್ಳೆಯದು. ದೆಹಲಿಯವರು ಡಿಸೆಂಬರ್ ಚಳಿಯಲ್ಲಿ ಬೇರು ಮುಟ್ಟಬಾರದು, ಚಳಿ ಇಳಿದು ಹೊಸ ಚಿಗುರು ಕಾಣುವವರೆಗೆ ತಡೆಯಬೇಕು. ಚೆನ್ನೈ, ಹೈದರಾಬಾದಿನವರು ಮೇ ತಿಂಗಳ ಬಿಸಿಲು ಕಳೆಯಲು ಬಿಡಬೇಕು. ತಳದ ತೂತಿಗೆ ಜಾಳಿಗೆ ಹಾಕಿ, ಗಿಡ ಅಲುಗದಂತೆ ತಂತಿಯಿಂದ ಕುಂಡಕ್ಕೆ ಬಿಗಿದು, ಕಡ್ಡಿಯಿಂದ ತಿವಿದು ಬೇರುಗಳ ಸಂದಿಗೆಲ್ಲ ಮಣ್ಣು ಇಳಿಸಿ, ತಳದಿಂದ ತಿಳಿನೀರು ಬರುವ ತನಕ ನೀರು ಹನಿಸಿ ನೆರಳಿನಲ್ಲಿಡಿ. ಹೊಸ ಚಿಗುರು ಬಲಿಯುವ ತನಕ ಗೊಬ್ಬರ ಬೇಡ. ಎಳೆದು ನೋಡುವುದೂ ಬೇಡ.